ಕಾಳು ಬೀಳುವ ಲೆಕ್ಕ

ಕಡಬದಿಂದ ಪಂಜಕ್ಕೆ ಹೋಗುವ ಹಾದಿಯಲ್ಲಿ ಕೋಡಿಂಬಾಳ ಸಿಗುತ್ತದೆ. ಅಡಿಕೆ ತೋಟ, ರಬ್ಬರು, ಗುಡ್ಡ, ಬಿಡದೆ ಸುರಿಯುವ ಮಳೆ—ಘಟ್ಟದ ಬುಡದ ಯಾವ ಊರನ್ನು ವರ್ಣಿಸಿದರೂ ಆ ವರ್ಣನೆ ಇದಕ್ಕೂ ಸಲ್ಲುತ್ತದೆ. 1980ರ ದಶಕದಲ್ಲಿ ರಜೆ ಬಂತೆಂದರೆ ನಾನು ಅಲ್ಲಿನ ನಂಟರ ಮನೆಗೆ ಹೋಗುವುದಿತ್ತು. ತೋಟದಾಚೆಯ ನೆರೆಮನೆಯ ಜಗಲಿಯೊಂದು ಅಂದಿನಿಂದ ನನ್ನ ಮನಸ್ಸಿನಲ್ಲಿ ಹಾಗೆಯೇ ನಿಂತುಬಿಟ್ಟಿದೆ.

ಜಗಲಿಯ ಒಂದು ತುದಿಯಲ್ಲಿ ಆ ಮನೆಯ ಅಕ್ಕ ಮಡಿಲಲ್ಲಿ ಗೆರಸೆಯಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಇನ್ನೊಂದು ತುದಿಯಲ್ಲಿ ಅವರ ಯಜಮಾನರು ಒಂದು ಕೆಂಪು ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕಾಲು ಉಜ್ಜುತ್ತಿದ್ದರು. ಆಕೆಗೆ ಸಾವಿರ ಬೀಡಿಗೆ ಇಷ್ಟು ಎಂಬ ಗೊತ್ತಾದ ಮಜೂರಿ. ಆತನಿಗೆ ಕೋಳಿ ಅಂಕದಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಆಕೆಯ ಮಜೂರಿ ಆತನ ಪಣವಾಗಿ ಹೋಗುತ್ತಿತ್ತು ಎಂಬುದು ಊರಿಗೆಲ್ಲ ತಿಳಿದ ಗುಟ್ಟು. ಮೊದಲು ಬಳೆ ಹೋಯಿತು, ಆಮೇಲೆ ತೋಟದ ಒಂದು ತುಂಡು ಹೋಯಿತು. ಒಮ್ಮೆ ಮಗನ ಶಾಲೆಯ ಫೀಸಿಗೆಂದು ಅಕ್ಕಿ ಡಬ್ಬದೊಳಗೆ ಅಡಗಿಸಿಟ್ಟಿದ್ದ ಹಣವೂ ಹೋಯಿತು.

“ಹತ್ತು ಸಲ ಸೋತವರು ಹನ್ನೊಂದನೆಯ ಸಲ ಯಾಕೆ ಹೋಗ್ತಾರೆ ಮಾರಾಯ್ರೆ? ಹೊಡೆದರೆ ನಾಯಿಯಾದರೂ ಆ ಬಾಗಿಲಿಗೆ ಮತ್ತೆ ಬರುವುದಿಲ್ಲ” ಎಂದು ಆಕೆ ನನ್ನ ದೊಡ್ಡಮ್ಮನೊಡನೆ ಹೇಳಿಕೊಂಡದ್ದನ್ನು ನಾನು ಕೇಳಿದ್ದೇನೆ. ದೊಡ್ಡಮ್ಮ “ಹಣೆಬರಹ” ಎಂದರು. ಊರವರು “ಹುಚ್ಚು” ಎಂದರು. ಅಕ್ಕನ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಒಬ್ಬ ವಿಜ್ಞಾನಿ ತನ್ನ ಆಯುಷ್ಯದ ಬಹುಭಾಗವನ್ನೇ ಕಳೆದಿದ್ದನೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಆತ ಅಮೆರಿಕದ ಬಿ. ಎಫ್. ಸ್ಕಿನ್ನರ್. 1904ರಲ್ಲಿ ಹುಟ್ಟಿ 1990ರಲ್ಲಿ ತೀರಿಕೊಂಡ ಈ ಮನಶ್ಶಾಸ್ತ್ರಜ್ಞನ ಹೆಸರು ನಮ್ಮ ಬಿ.ಎಡ್. ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ‘ಪುನರ್ಬಲನ’ ಎಂಬ ಗಡಸು ಶಬ್ದದೊಡನೆ ಅದನ್ನು ಉರುಹೊಡೆದು, ಪರೀಕ್ಷೆ ಮುಗಿದ ಮರುದಿನ ಮರೆಯುವುದು ವಾಡಿಕೆ. ಮಾಡಿದ ಕೆಲಸಕ್ಕೆ ಫಲ ಸಿಕ್ಕಿತೆಂದರೆ ಆ ಕೆಲಸವನ್ನು ಮತ್ತೆ ಮಾಡುವ ಒಲವು ಬಲಿಯುತ್ತದೆ ಎಂಬುದಷ್ಟೇ ಆ ಶಬ್ದದ ತಿರುಳು. ಇದನ್ನು ಹೇಳಲು ವಿಜ್ಞಾನಿಯೇಕೆ ಬೇಕು, ದನ ಕಾಯುವ ಹುಡುಗನೂ ಬಲ್ಲ. ಸ್ಕಿನ್ನರನ ಹೆಚ್ಚುಗಾರಿಕೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಫಲ ಎಷ್ಟು ದೊಡ್ಡದು ಎಂಬುದಲ್ಲ, ಅದು ಯಾವ ಲೆಕ್ಕದಲ್ಲಿ ಬಂದು ಬೀಳುತ್ತದೆ ಎಂಬುದೇ ಮುಖ್ಯವೆಂದು ಆತ ತೋರಿಸಿದ. ಆ ಹೆಜ್ಜೆಯನ್ನು ಆತ ಇಟ್ಟದ್ದು ಪಾಂಡಿತ್ಯದಿಂದಲ್ಲ, ಸೋಮಾರಿತನದಿಂದ.

1930ರ ದಶಕದ ಮೊದಲ ವರ್ಷಗಳು. ಇಲಿಯೊಂದು ಪೆಟ್ಟಿಗೆಯಲ್ಲಿ ಕುಳಿತು ಸನ್ನೆಯೊಂದನ್ನು ಒತ್ತಿದರೆ ಒಂದು ಗುಳಿಗೆ ತಿಂಡಿ ಬೀಳುವ ಏರ್ಪಾಡನ್ನು ಸ್ಕಿನ್ನರ್ ಮಾಡಿದ್ದ. ಆ ಗುಳಿಗೆಗಳನ್ನು ಔಷಧಿಯವರ ಮಾತ್ರೆಯ ಯಂತ್ರದಲ್ಲಿ ತಾನೇ ತಯಾರಿಸಿಕೊಳ್ಳಬೇಕಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಲೆಕ್ಕ ಹಾಕಿ ನೋಡುತ್ತಾನೆ: ಇದ್ದ ಗುಳಿಗೆ ಸೋಮವಾರ ಬೆಳಗ್ಗೆಯ ಹೊತ್ತಿಗೆ ಮುಗಿಯುತ್ತದೆ. ಆ ದಿನವೆಲ್ಲ ಕುಳಿತು ಗುಳಿಗೆ ಉರುಟಬೇಕು. ಯಾರಿಗೆ ಬೇಕು ಆ ಕಾಟ! ಪ್ರತಿ ಒತ್ತಿಗೂ ಏಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟರೆ ಏನಾದೀತು ಎಂದುಕೊಂಡ. ಇಲಿ ಮುನಿಸಿಕೊಂಡು ಕೆಲಸ ಬಿಡಲಿಲ್ಲ. ಸಿಗದ ಒತ್ತುಗಳನ್ನೂ ಸಹಿಸಿಕೊಂಡು ಸಮನಾದ ವೇಗದಲ್ಲಿ ಒತ್ತುತ್ತಲೇ ಇತ್ತು. ಈ ಪ್ರಸಂಗವನ್ನು ಆತನೇ 1956ರ ಒಂದು ಪ್ರಬಂಧದಲ್ಲಿ ವಿನೋದದಿಂದ ಬರೆದುಕೊಂಡಿದ್ದಾನೆ.

ಅನಂತರ ಇಲಿಯ ಜಾಗಕ್ಕೆ ಪಾರಿವಾಳ ಬಂತು. ಚಾರ್ಲ್ಸ್ ಫರ್ಸ್ಟರ್ ಎಂಬ ಸಹಾಯಕನೊಡನೆ ಹಾರ್ವರ್ಡಿನಲ್ಲಿ ವರ್ಷಗಟ್ಟಲೆ ದುಡಿದು, 1957ರಲ್ಲಿ ಇಬ್ಬರೂ ‘ಶೆಡ್ಯೂಲ್ಸ್ ಆಫ್ ರೀಇನ್‌ಫೋರ್ಸ್‌ಮೆಂಟ್’ ಎಂಬ ದಪ್ಪ ಗ್ರಂಥವನ್ನು ಹೊರತಂದರು. ಸುಮಾರು 70,000 ಗಂಟೆಗಳ ದಾಖಲೆ, ಹೆಚ್ಚುಕಡಿಮೆ 25 ಕೋಟಿ ಕುಕ್ಕುಗಳು. ಮಾತಿಗಿಂತ ಗೆರೆಗಳೇ ಹೆಚ್ಚು. ಸುರುಳಿ ಕಾಗದದ ಮೇಲೆ ಲೇಖನಿಯೊಂದು ಪಾರಿವಾಳದ ಪ್ರತಿ ಕುಕ್ಕಿಗೂ ಒಂದೊಂದು ಕೂದಲೆಳೆ ಮೇಲೇರುತ್ತ ಬರೆದ ಬೆಟ್ಟಗಳು ಅವು. ಕುಕ್ಕು ಜೋರಾದರೆ ಗೆರೆ ಕಡಿದಾಗುತ್ತದೆ, ನಿಂತರೆ ಮಟ್ಟಸವಾಗುತ್ತದೆ.

ಆ ಗ್ರಂಥವನ್ನು ಓದುವ ತಾಳ್ಮೆ ಎಲ್ಲರಿಗೂ ಇರಲಾರದು, ನನಗೂ ಪೂರ್ತಿ ಇರಲಿಲ್ಲ. ಆದರೆ ಅದರಲ್ಲಿ ಮೂಲವಾದ ಬಗೆಗಳು ನಾಲ್ಕೇ. ಅವನ್ನು ನೋಡಲು ಹಾರ್ವರ್ಡಿನ ತನಕ ಹೋಗಬೇಕಾಗಿಲ್ಲ.

ಈಗ ಕೋಡಿಂಬಾಳದಲ್ಲಿ ಒಂದು ಚಿಕ್ಕ ರೈಲು ನಿಲ್ದಾಣ ಉಂಟು. ಹಾಸನ–ಮಂಗಳೂರು ಹಾದಿ 1979ರಲ್ಲಿ ತೆರೆಯಿತು. ಬ್ರಾಡ್‌ಗೇಜ್ ಆಗಿ ಪ್ರಯಾಣಿಕರಿಗೆ ಮತ್ತೆ ದೊರೆತದ್ದು 2007ರಲ್ಲಿ. ಗಾಡಿ ಕಾಯುವವನನ್ನು ಗಮನಿಸಿ. ಬಂದ ಹೊಸತರಲ್ಲಿ ಆತ ಹಳಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಎಲೆ ಅಡಿಕೆ ಹಾಕಿಕೊಳ್ಳುತ್ತಾನೆ. ಹೊತ್ತು ಸಮೀಪಿಸಿದಂತೆ ಒಮ್ಮೆ ಕತ್ತು ಚಾಚುತ್ತಾನೆ, ಇನ್ನೊಮ್ಮೆ ಚಾಚುತ್ತಾನೆ, ಕೊನೆಗೆ ಪ್ಲಾಟ್‌ಫಾರಂ ಅಂಚಿಗೇ ಬಂದು ನಿಲ್ಲುತ್ತಾನೆ. ಗೊತ್ತಾದ ಹೊತ್ತಿಗೆ ಕಾಳು ಬೀಳುವ ಪಾರಿವಾಳವೂ ಹೀಗೆಯೇ: ಮೊದಲು ಆಲಸ್ಯ, ಕೊನೆಯಲ್ಲಿ ಅವಸರ. ಪರೀಕ್ಷೆಯ ಹಿಂದಿನ ರಾತ್ರಿ ದೀಪ ಉರಿಸುವ ನಮ್ಮ ಮಕ್ಕಳೂ ಈ ಪಂಗಡದವರೇ. ಹೊತ್ತು ಗೊತ್ತಿಲ್ಲದಿದ್ದರೆ ಸಂಗತಿ ಬೇರೆ. ಕುಮಾರಧಾರೆಯಲ್ಲಿ ಗಾಳ ಹಾಕಿ ಕುಳಿತವನು ಅವಸರಪಡುವುದೂ ಇಲ್ಲ, ಎದ್ದು ಹೋಗುವುದೂ ಇಲ್ಲ. ಮಂದವಾಗಿ, ಸಮನಾಗಿ, ಬೇಸರವಿಲ್ಲದೆ ನೋಡುತ್ತಲೇ ಇರುತ್ತಾನೆ.

ಇವೆರಡೂ ಹೊತ್ತಿನ ಲೆಕ್ಕ. ಉಳಿದೆರಡು ಎಣಿಕೆಯ ಲೆಕ್ಕ. ಅವನ್ನು ನೋಡಲು ಅಕ್ಕನ ಜಗಲಿಗೇ ಮರಳಬೇಕು.

ಬೀಡಿ ನಮ್ಮ ಜಿಲ್ಲೆಯ ಹೆಂಗಸರ ಕೈಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. 1930ರ ದಶಕದಿಂದೀಚೆಗೆ ಮಂಗಳೂರಿನ ಬೀಡಿ ಉದ್ಯಮ ಬೆಳೆದಂತೆ ಒಳನಾಡಿನ ಹಳ್ಳಿಹಳ್ಳಿಯಲ್ಲೂ ‘ಬ್ರಾಂಚ್’ ತೆರೆಯಿತು. ಬೀಡಿ ಎಲೆಯ ಮರ ಇಲ್ಲಿಯದಲ್ಲ, ಹೊಗೆಸೊಪ್ಪೂ ಇಲ್ಲಿಯದಲ್ಲ. ಇಲ್ಲಿಯದು ಬೆರಳು ಮಾತ್ರ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಎಲೆಯನ್ನು ನೀರಿನಲ್ಲಿ ಮೆತ್ತಗೆ ಮಾಡಿ, ಕತ್ತರಿಸಿ, ಸುತ್ತಿ, ತುದಿ ಮಡಚಿ, ಇಪ್ಪತ್ತೈದರ ಕಟ್ಟು ಕಟ್ಟಿ ಮರಳಿ ಒಪ್ಪಿಸಬೇಕು. ಹೊತ್ತಿಗೆ ಮಜೂರಿ ಇಲ್ಲ, ಸಾವಿರಕ್ಕೆ ಮಜೂರಿ. ಇಷ್ಟು ಎಣಿಕೆಗೆ ಇಷ್ಟು ಫಲ ಎಂಬ ಗೊತ್ತಾದ ಲೆಕ್ಕ ಇದು. 1953ರ ಪುಸ್ತಕವೊಂದರಲ್ಲಿ ಸ್ಕಿನ್ನರ್ ಕಾರ್ಖಾನೆಗಳ ತುಂಡುಗೂಲಿಯನ್ನು ಈ ಬಗೆಗೇ ಸೇರಿಸಿದ್ದಾನೆ.

ಈ ಲೆಕ್ಕದಲ್ಲಿ ಪಾರಿವಾಳ ಬಲು ವೇಗವಾಗಿ ಕುಕ್ಕುತ್ತದೆ. ಕಾಳು ಬಿದ್ದೊಡನೆ ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತದೆ, ಮುಂದಿನ ದೀರ್ಘ ಎಣಿಕೆಯನ್ನು ನೆನೆದು ಅಳುಕಿದಂತೆ. ಎಣಿಕೆ ದೊಡ್ಡದಾದಷ್ಟೂ ನಿಲ್ಲುವುದು ಹೆಚ್ಚು. ತೀರ ದೊಡ್ಡದಾದರೆ ಹಕ್ಕಿ ಸೋತು ಕೈಬಿಡುತ್ತದೆ. ಅಕ್ಕ ಬ್ರಾಂಚಿಗೆ ಹೋಗಿ ಬಂದ ದಿನ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ನೀಡಿ, ಹೊಸ ಎಲೆಯ ಗಂಟನ್ನು ಬಿಚ್ಚದೆ ಅದರ ಕಡೆಗೇ ನೋಡುತ್ತ ಕುಳಿತಿರುತ್ತಿದ್ದುದು ನನಗೆ ನೆನಪಿದೆ. ಒಮ್ಮೆ ಕತ್ತರಿ ಹಿಡಿದರೆ ಮುಗಿಯಿತು, ಅಡುಗೆಯ ಒಲೆಯೂ ಮಕ್ಕಳ ಮೂಗೂ ಕಾಣುತ್ತಿರಲಿಲ್ಲ. ತುಂಡುಗೂಲಿ ದುಡಿಯುವವನನ್ನು ಹಿಂಡುತ್ತದೆಂದು ಕಾರ್ಮಿಕ ಸಂಘಗಳು ಹಿಂದಿನಿಂದಲೂ ಆಡುತ್ತಿದ್ದ ದೂರಿಗೆ ಹಾರ್ವರ್ಡಿನ ಹಕ್ಕಿಗಳು ಸಾಕ್ಷಿ ಹೇಳಿದಂತಾಯಿತು.

ಗೊತ್ತಾದ ಲೆಕ್ಕವೆಂದೆನಲ್ಲ, ಅದರೊಳಗೂ ಒಂದು ಗೊತ್ತಿಲ್ಲದ್ದು ಅಡಗಿತ್ತು. ಬ್ರಾಂಚಿನಲ್ಲಿ ತಪಾಸಣೆ ಮಾಡುವವನು ಕಟ್ಟು ಬಿಚ್ಚಿ ನೋಡಿ, ಇದು ಸಡಿಲ, ಇದು ಗಿಡ್ಡ ಎಂದು ಬದಿಗೆ ಹಾಕಿದ ಬೀಡಿಗೆ ಕೂಲಿ ಇಲ್ಲ. ಯಾವ ದಿನ ಎಷ್ಟು ಹೋಗುತ್ತದೆಂದು ಹೇಳುವಂತಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯಲ್ಲಿ ಇಂಥ ತಿರಸ್ಕಾರದ ತಕರಾರನ್ನು ತೀರ್ಮಾನಿಸಲೆಂದೇ ಒಂದು ಕಲಮು ಇದ್ದುದನ್ನು ನೋಡಿದರೆ, ಈ ಸಂಕಟ ಎಷ್ಟು ಮನೆಗಳದ್ದಾಗಿದ್ದಿರಬೇಕು! 1976ರಲ್ಲಿ ಕ್ಷೇಮನಿಧಿಯ ಕಾಯಿದೆ ಬಂದು, ಬೀಡಿ ಕಾರ್ಡಿದ್ದವರ ಮಕ್ಕಳಿಗೆ ವಿದ್ಯಾರ್ಥಿವೇತನಕ್ಕೂ ದಾರಿಯಾಯಿತು. ಈ ಜಿಲ್ಲೆಯ ಎಷ್ಟೋ ಮಂದಿಯ ಪದವಿಪತ್ರಕ್ಕೆ ಹೊಗೆಸೊಪ್ಪಿನ ವಾಸನೆ ಉಂಟು.

ಇನ್ನು ಯಜಮಾನರ ತುದಿ.

ಕೋಳಿ ಅಂಕ ತುಳುನಾಡಿನಲ್ಲಿ ಬಹು ಹಳೆಯದು. ಭೂತದ ನೇಮ, ಜಾತ್ರೆಗಳ ಬೆನ್ನಿಗೆ ಗದ್ದೆಯಲ್ಲಿ ಅಂಕ ನಡೆಯುವ ಪದ್ಧತಿಯಿತ್ತು. ಹುಂಜದ ಕಾಲಿಗೆ ಬಾಳು ಕಟ್ಟಿ ಬಿಡುತ್ತಾರೆ. ಸೋತ ಹುಂಜ ಗೆದ್ದವನ ಪಾಲು. ಸುತ್ತ ನಿಂತವರ ಪಣದ ಲೆಕ್ಕ ಬೇರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ 1963ರ ಕರ್ನಾಟಕ ಪೊಲೀಸ್ ಕಾಯಿದೆಯೂ ಇದಕ್ಕೆ ಅಡ್ಡ ನಿಂತಿವೆ. ಅಡ್ಡ ನಿಂತದ್ದಷ್ಟೇ, ಕಟ್ಟಿಹಾಕಿಲ್ಲ.

ಇಲ್ಲಿ ಗೆಲುವು ಬರುತ್ತದೆ, ಎಷ್ಟನೆಯ ಸಲಕ್ಕೆಂದು ಗೊತ್ತಿಲ್ಲ. ಎರಡನೆಯದಕ್ಕೇ ಬರಬಹುದು, ಇಪ್ಪತ್ತನೆಯದಕ್ಕೂ ಬಾರದಿರಬಹುದು. ಪಾರಿವಾಳಕ್ಕೆ ಈ ಲೆಕ್ಕದಲ್ಲಿ ಕಾಳು ಹಾಕಿದಾಗ ಸುರುಳಿ ಕಾಗದದ ಗೆರೆ ಕಡಿದಾಗಿ ಏರುತ್ತದೆ, ಎಲ್ಲಿಯೂ ಮೆಟ್ಟಿಲಿಲ್ಲ. ಕಾಳು ತಿಂದ ಮೇಲೆ ನಿಲ್ಲುವುದೇ ಇಲ್ಲ, ಏಕೆಂದರೆ ಮುಂದಿನ ಕುಕ್ಕಿಗೇ ಇನ್ನೊಂದು ಬೀಳಬಹುದಲ್ಲ! ಇದಕ್ಕಿಂತ ವಿಸ್ಮಯ ಇನ್ನೊಂದು. ಪ್ರತಿ ಕುಕ್ಕಿಗೂ ಕಾಳು ತಿಂದು ಬೆಳೆದ ಹಕ್ಕಿಗೆ ಕಾಳು ನಿಲ್ಲಿಸಿದರೆ ಅದು ಬೇಗ ಕುಕ್ಕುವುದನ್ನು ಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ತಿಂದ ಹಕ್ಕಿ ಬಿಡುವುದಿಲ್ಲ, ಸಾವಿರಗಟ್ಟಲೆ ಬರಿದೆ ಕುಕ್ಕುತ್ತದೆ. ಸೋಲು ಅದಕ್ಕೆ ಹೊಸದಲ್ಲ. ಇದು ಎಂದಿನ ಬರಗಾಲವೋ ಕಡೆಯ ಬರಗಾಲವೋ ಎಂದು ತಿಳಿಯುವ ಗುರುತೇ ಅದಕ್ಕಿಲ್ಲ. ಅಕ್ಕ ಹೇಳಿದ ನಾಯಿಗೆ ಆ ಬಾಗಿಲಲ್ಲಿ ಪ್ರತಿ ಸಲವೂ ಪೆಟ್ಟು ಬಿದ್ದಿತ್ತು. ಹತ್ತಕ್ಕೊಮ್ಮೆ ರೊಟ್ಟಿ ಬಿದ್ದಿದ್ದರೆ ಅದೂ ಹೊಸ್ತಿಲು ಬಿಡುತ್ತಿರಲಿಲ್ಲ.

ನಮ್ಮ ಪೂರ್ವಿಕರು ಇದನ್ನು ಕಂಡಿರಲಿಲ್ಲವೆಂದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಗೋಳಿನ ಸೂಕ್ತವೇ ಇದೆ. ಧರ್ಮರಾಯನನ್ನು ಮಾತ್ರ ಈ ಲೆಕ್ಕಕ್ಕೆ ಎಳೆಯುವುದು ಕಷ್ಟ. ಶಕುನಿಯ ಎದುರು ಆತ ಒಂದು ದಾಳವನ್ನೂ ಗೆಲ್ಲಲಿಲ್ಲ. ಸ್ಕಿನ್ನರನ ಪಾರಿವಾಳವಾಗಿದ್ದರೆ ಆನೆ ಕುದುರೆ ಮುಗಿಯುವ ಮೊದಲೇ ಎದ್ದುಹೋಗುತ್ತಿತ್ತು. ಪಾರಿವಾಳಕ್ಕೆ ಕ್ಷತ್ರಿಯಧರ್ಮವಿಲ್ಲ.

ಯಜಮಾನರು ಹುಟ್ಟಿನಿಂದ ಜೂಜುಗಾರರಲ್ಲ. ಮೊದಮೊದಲು ಜಾತ್ರೆಗೆ ಹೋದವರು ನಿಂತು ನೋಡಿದರು, ಎರಡು ರೂಪಾಯಿ ಕಟ್ಟಿದರು, ಗೆದ್ದರು. ಆಮೇಲೆ ಐದು, ಆಮೇಲೆ ಹತ್ತು. ಕಾಲ ಕಳೆದಂತೆ ಗೆಲುವು ವಿರಳವಾಯಿತು, ಪಣ ದೊಡ್ಡದಾಯಿತು. 1943ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಹಿಟ್ಟಿನ ಗಿರಣಿಯ ಮೇಲಂತಸ್ತಿನಲ್ಲಿ ಸ್ಕಿನ್ನರನೂ ಅವನ ಗೆಳೆಯರೂ ಪಾರಿವಾಳಕ್ಕೆ ಕೊಕ್ಕಿನಿಂದ ಮರದ ಚೆಂಡು ಹೊಡೆಯುವುದನ್ನು ಕಲಿಸಿದ್ದು ಹೀಗೆಯೇ. ಚೆಂಡಿನತ್ತ ಬರಿಯ ನೋಟ ಹರಿಸಿದರೂ ಒಂದು ಕಾಳು, ಸಮೀಪ ಬಂದರೆ ಒಂದು, ಮುಟ್ಟಿದರೆ ಒಂದು. ಕೆಲವೇ ನಿಮಿಷಗಳಲ್ಲಿ ಹಕ್ಕಿ ಆಟಗಾರನಾಯಿತು. ಯುದ್ಧದ ಬಾಂಬಿಗೆ ಗುರಿ ತೋರಿಸಲು ಪಾರಿವಾಳಗಳನ್ನು ಪಳಗಿಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ಸೈನ್ಯ ಕೊನೆಗೂ ಅದನ್ನು ಒಪ್ಪಲಿಲ್ಲ. ಗಿರಣಿಯಲ್ಲಿ ಕಲಿಸುವವನೊಬ್ಬನಿದ್ದ, ಅಂಕದ ಗದ್ದೆಯಲ್ಲಿ ಹಾಗೆ ಕಲಿಸುವವನು ಯಾರೂ ಇರಲಿಲ್ಲ. ವಿದ್ಯೆ ಮಾತ್ರ ಒಂದೇ.

ಅಂಕಕ್ಕೆ ಹೊರಡುವ ದಿನ ಯಜಮಾನರು ಪಂಚಾಂಗ ತೆಗೆಯುತ್ತಿದ್ದರು. ಯಾವ ದಿಕ್ಕಿನಿಂದ ಕೋಳಿ ಬಿಡಬೇಕು, ಯಾವ ಗಳಿಗೆಯಲ್ಲಿ ಬೊಳ್ಳೆಗೆ ಜಯ, ಯಾವಾಗ ಕೆಮ್ಮೈರೆಗೆ ಎಂದು ಹೇಳುವ ಕುಕ್ಕುಟ ಪಂಚಾಂಗ ನಮ್ಮ ಸೀಮೆಯಲ್ಲಿ ಉಂಟು. ಗೆದ್ದರೆ ಅದು ಪಂಚಾಂಗದ ಮಹಿಮೆ, ಸೋತರೆ ತಾನು ಗಳಿಗೆ ನೋಡಿದ್ದು ತಪ್ಪು. 1948ರಲ್ಲಿ ಸ್ಕಿನ್ನರ್ ಎಂಟು ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, 15 ಸೆಕೆಂಡಿಗೊಮ್ಮೆ ಕಾಳು ಸಿಗುವಂತೆ ಮಾಡಿ ನೋಡಿದ. ಆರು ಹಕ್ಕಿಗಳು ಒಂದೊಂದು ವ್ರತ ಹಿಡಿದವು. ಒಂದು ಅಪ್ರದಕ್ಷಿಣೆ ಸುತ್ತಿತು, ಇನ್ನೊಂದು ಗೂಡಿನ ಮೂಲೆಗೆ ತಲೆ ಚಾಚಿತು, ಮತ್ತೆ ಕೆಲವು ಲೋಲಕದಂತೆ ತೂಗಾಡಿದವು. ಕಾಳು ಬಿದ್ದ ಕ್ಷಣದಲ್ಲಿ ತಾನು ಮಾಡುತ್ತಿದ್ದುದೇ ಕಾಳಿಗೆ ಕಾರಣವೆಂಬಂತೆ! ಸ್ಟ್ಯಾಡನ್ ಮತ್ತು ಸಿಮೆಲ್‌ಹ್ಯಾಗ್ ಎಂಬವರು 1971ರಲ್ಲಿ ಇದೇ ಪ್ರಯೋಗವನ್ನು ಇನ್ನಷ್ಟು ಜಾಗ್ರತೆಯಿಂದ ಮಾಡಿ, ಕಾಳು ಬೀಳುವ ಹೊತ್ತಿಗೆ ಹಕ್ಕಿಗಳು ಹೆಚ್ಚಾಗಿ ಮಾಡುವುದು ತಮ್ಮ ಹುಟ್ಟುಗುಣದ ಕುಕ್ಕುವಿಕೆಯನ್ನೇ ಎಂದು ತಿದ್ದಿದರು. ಹಕ್ಕಿಯ ಮಟ್ಟಿಗೆ ವಾದ ಇನ್ನೂ ಇರಬಹುದು. ಯಜಮಾನರ ಮಟ್ಟಿಗೆ ನನಗೆ ಸಂಶಯವಿಲ್ಲ.

ಇದನ್ನೆಲ್ಲ ಓದಿ ತೋಟದ ಧಣಿಗಳು ನಗಬೇಕಾಗಿಲ್ಲ. ಅಡಿಕೆಯನ್ನು ಅಟ್ಟದಲ್ಲಿಟ್ಟು, ಈ ವಾರ ಏರೀತು, ಬರುವ ವಾರ ಏರೀತು ಎಂದು ಪತ್ರಿಕೆಯ ಧಾರಣೆಯ ಅಂಕಣವನ್ನು ಮೊದಲು ಓದುವವರು ಯಾರು? ಒಂದು ವರ್ಷ ಹಾಗೆ ಕಾದು ಲಾಭ ಕಂಡವನು ಮುಂದಿನ ಐದು ವರ್ಷ ಹುಳ ಹಿಡಿಸುತ್ತಾನೆ. 1970ರ ಸುಮಾರಿನಲ್ಲಿ ಧಾರಣೆ ಕುಸಿದು ಬೆಳೆಗಾರ ಕಂಗಾಲಾದ ಮೇಲೆ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಬೆಳೆಗಾರನ ಬಾಳಿನಿಂದ ಜೂಜಿನ ಅಂಶವನ್ನು ಆದಷ್ಟು ಕಳೆಯುವುದೇ ಅದರ ಉದ್ದೇಶವೆನ್ನಬಹುದು.

ಇದಕ್ಕೆ ವಿರುದ್ಧವಾಗಿ, ಸರಕಾರಗಳೇ ಜೂಜಿನ ಅಂಶವನ್ನು ಮಾರಾಟಕ್ಕಿಟ್ಟ ಕಾಲವೂ ಅದೇ. ಕೇರಳ ಸರಕಾರ 1967ರಲ್ಲಿ ಲಾಟರಿ ಇಲಾಖೆ ತೆರೆಯಿತು. ಮೊದಲ ಡ್ರಾ 1968ರ ಜನವರಿ 26ರಂದು, ಚೀಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಕರ್ನಾಟಕವೂ ಹಿಂದೆ ಬೀಳಲಿಲ್ಲ. ಅಂಕಕ್ಕಾದರೂ ಜಾತ್ರೆ ಬರಬೇಕು, ಗದ್ದೆ ಒಣಗಬೇಕು, ಪೊಲೀಸರು ಬೇರೆ ಕಡೆ ನೋಡಬೇಕು. ಚೀಟಿಗೆ ಅದೊಂದೂ ಬೇಡ. ಕಡೆಯ ನಾಲ್ಕು ಅಂಕಿಗೂ ಸಣ್ಣ ಬಹುಮಾನವಿದ್ದುದರಿಂದ, ಒಂದೇ ಅಂಕಿಯಲ್ಲಿ ತಪ್ಪಿತೆಂದು ಹೇಳಿಕೊಳ್ಳುವ ಭಾಗ್ಯ ಎಲ್ಲರಿಗೂ ಎಂದಾದರೊಮ್ಮೆ ಸಿಗುತ್ತಿತ್ತು. ಯಜಮಾನರ ಅಂಗಿಯ ಜೇಬಿನಲ್ಲಿ ಹುಂಜದ ಪುಕ್ಕದೊಡನೆ ಚೀಟಿಗಳೂ ಕಾಣಿಸಿಕೊಂಡವು. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. ಗಡಿಯಾಚೆ ಕಾಸರಗೋಡಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಸುಳ್ಯದಿಂದ ಗಡಿಗೆ ಎಷ್ಟು ದೂರ!

ಈಗ ಆ ವಿದ್ಯೆ ಅಂಗೈಗೆ ಬಂದಿದೆ. ಮೊಬೈಲನ್ನು ತೆಗೆದು ನೋಡುವುದು, ಏನೂ ಇಲ್ಲ. ಮತ್ತೆ ನೋಡುವುದು, ಯಾರೋ ಮೆಚ್ಚಿದ್ದಾರೆ. ಹಣ ಕಟ್ಟಿ ಆಡುವ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರಲ್ಲಿ ಹೈಕೋರ್ಟು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಬೇರೊಂದು ಕಾಯಿದೆಯನ್ನು ಮಾಡಿತು.

ಇಷ್ಟೆಲ್ಲ ಬರೆದ ಮೇಲೆ ನನ್ನ ಒಂದು ಅನುಮಾನವನ್ನು ಹೇಳದಿರಲಾರೆ. ಮನುಷ್ಯನನ್ನು ಪೂರ್ತಿಯಾಗಿ ಆ ಪೆಟ್ಟಿಗೆಯೊಳಗೆ ಇಡಬಹುದೆ? ಮಾತೂ ಹೀಗೆಯೇ ಕಲಿತದ್ದೆಂದು ಸ್ಕಿನ್ನರ್ 1957ರಲ್ಲೇ ಇನ್ನೊಂದು ಪುಸ್ತಕ ಬರೆದಾಗ, 1959ರಲ್ಲಿ ನೋಮ್ ಚಾಮ್ಸ್ಕಿ ಎಂಬ ತರುಣ ಭಾಷಾಶಾಸ್ತ್ರಜ್ಞ ಅದನ್ನು ನಿರ್ದಾಕ್ಷಿಣ್ಯವಾಗಿ ಖಂಡಿಸಿದ. ನನ್ನ ಅನುಮಾನ ಅಷ್ಟು ದೊಡ್ಡದಲ್ಲ. ಯಜಮಾನರ ಕುರಿತು ಪಾರಿವಾಳ ಹೇಳುವುದನ್ನು ನಾನು ಒಪ್ಪುತ್ತೇನೆ. ಹುಚ್ಚೆಂದೂ ಕೆಟ್ಟತನವೆಂದೂ ಊರು ಕರೆದದ್ದಕ್ಕಿಂತ ಅದು ನ್ಯಾಯವಾದ ಮಾತು. ಆದರೆ ಅಕ್ಕನ ಗೆರೆಯನ್ನು ಆ ಕಾಗದದಲ್ಲಿ ಹೇಗೆ ಬರೆಯುವುದು? ಸಾವಿರಕ್ಕೆ ಇಷ್ಟು ಎಂಬ ಫಲ ಆಕೆಯ ಕೈಗೆ ಬಂದು ಅಲ್ಲಿ ಉಳಿಯುತ್ತಲೇ ಇರಲಿಲ್ಲವಲ್ಲ. ತಿನ್ನುವ ಕಾಳನ್ನು ಪಕ್ಕದ ಹಕ್ಕಿ ಕಸಿದುಕೊಂಡರೂ ಮೂವತ್ತು ವರ್ಷ ಕುಕ್ಕಿದ ಪಾರಿವಾಳದ ಚಿತ್ರ ಆ ದಪ್ಪ ಗ್ರಂಥದಲ್ಲಿ ನನಗೆ ಕಾಣಲಿಲ್ಲ.

ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ಈಚೆಗೆ ಕೋಡಿಂಬಾಳಕ್ಕೆ ಹೋದಾಗ ಅಕ್ಕನನ್ನು ನೋಡಿ ಬಂದೆ. ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬೀಡಿಯ ಎಲೆ ಈಗ ಮೊದಲಿನಂತೆ ಸಿಗುವುದಿಲ್ಲ, ಬೆರಳೂ ಬಾಗುವುದಿಲ್ಲವೆಂದರು. ಜಗಲಿಯ ಮಾಡಿನಡಿಯಲ್ಲಿ ಹುಂಜದ ಹಳೆಯ ಗೂಡು ಇನ್ನೂ ತೂಗುತ್ತಿತ್ತು.

“ಇದನ್ನು ಯಾಕಕ್ಕ ಇನ್ನೂ ಇಟ್ಟುಕೊಂಡಿದ್ದೀರಿ? ಒಲೆಗೆ ಹಾಕಬಹುದಿತ್ತಲ್ಲ” ಎಂದೆ.

“ಇರಲಿ ಮಾರಾಯ್ರೆ. ಹೇಂಟೆ ಕಾವಿಗೆ ಕೂತರೆ ಬೇಕಾಗ್ತದೆ” ಎಂದು ಅಕ್ಕ ಚಹಾ ತರಲು ಒಳಗೆ ಹೋದರು.